‘ಆರ್ಬ್’ ನೋಡಿ ಸೆಮಿನಾರ್ ಕೊಟ್ಟೆ, ಸಿಕ್ಕಿಹಾಕ್ಕೊಂಡೆ

1/7
“ಒಂದು ಹೆಸರು ಹೇಳು ನೋಡೋಣ. ಒಂದೇ ಒಂದು ಸಾಕು,” ಅಂದ್ರು ಮೇಡಂ.

ನಮ್ಮ ಕ್ಲಾಸ್‌ನವರಿಗೆ ಈ ಕಥೆ ಗೊತ್ತು, ಅವತ್ತು ನಕ್ಕವರೂ ಇಲ್ಲೇ ಫಾಲೋ ಮಾಡ್ತಿದ್ದೀರಿ. ಉಳಿದವರಿಗಾಗಿ ಹೇಳ್ತೀನಿ. ಹಿಸ್ಟರಿ ಸೆಮಿನಾರ್‌ಗೆ ನಾನು ತಗೊಂಡಿದ್ದ ವಿಷಯ ‘ವಿಜ್ಞಾನ ಮತ್ತು ಧರ್ಮ: ಮಧ್ಯಯುಗದ ಯುರೋಪ್’. ಎರಡನೇ ಸ್ಲೈಡ್‌ನಲ್ಲೇ ಜೋರಾಗಿ ಹೇಳಿಬಿಟ್ಟೆ: 15ನೇ ಶತಮಾನದಲ್ಲಿ ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಅಂದವರನ್ನ ಚರ್ಚ್ ಹುಡುಕಿ ಹುಡುಕಿ ಹಿಂಸೆ ಕೊಟ್ಟು ಸುಡ್ತಿತ್ತು.

ಆಗ ಬಂದದ್ದೇ ಆ ಪ್ರಶ್ನೆ. ಆ ಕಾರಣಕ್ಕೆ, ಆ ಶತಮಾನದಲ್ಲಿ ಸುಟ್ಟ ಒಬ್ಬರ ಹೆಸರು.

“ಬ್ರೂನೋ” ಅಂದೆ. “ಅದು 1600ನೇ ಇಸವಿ. ಕಾರಣಾನೂ ಅದೊಂದೇ ಅಲ್ಲ.”
“ಗೆಲಿಲಿಯೋ.” “1633. ಅವರನ್ನ ಸುಟ್ಟಿಲ್ಲ, ಗೃಹಬಂಧನ.”
ಆಮೇಲೆ ಸುಮ್ಮನಾದೆ. “ಇದನ್ನೆಲ್ಲ ಎಲ್ಲಿ ಓದಿದೆ?” ಅಂತ ಕೇಳಿದ್ರು. ಓದಿರಲಿಲ್ಲ. ನೋಡಿದ್ದೆ. 25 ಎಪಿಸೋಡ್, ಎರಡೇ ವೀಕೆಂಡ್‌ನಲ್ಲಿ.

ಆ ಅನಿಮೆ ಹೆಸರು ‘ಆರ್ಬ್: ಆನ್ ದ ಮೂವ್‌ಮೆಂಟ್ಸ್ ಆಫ್ ದಿ ಅರ್ತ್’. ಅದನ್ನ ಬೈಯೋಕೆ ಈ ಸರಣಿ ಬರೀತಿಲ್ಲ. ಈಚೆಗೆ ಬಂದದ್ದರಲ್ಲಿ ನನಗೆ ಅತಿ ಇಷ್ಟವಾದ ಅನಿಮೆ ಈಗಲೂ ಅದೇ. ಆದರೆ ನಿಜವಾಗಿ ಏನಾಯ್ತು ಅಂತ ಹುಡುಕಿದಾಗ ಸಿಕ್ಕ ಕಥೆಯನ್ನ ನಿಮಗೂ ಹೇಳಲೇಬೇಕು.

⚠️ 2ರಲ್ಲಿ ಮೊದಲ ಮೂರು ಎಪಿಸೋಡ್‌ಗಳ, 5ರಲ್ಲಿ ನಡುಭಾಗದ ಸ್ಪಾಯ್ಲರ್ ಇದೆ. ಕೊನೆಯ ಸ್ಪಾಯ್ಲರ್ 7ರಲ್ಲಿ.

2/7
ಮೊದಲು ನೋಡದವರಿಗೆ ಸ್ವಲ್ಪ ಪರಿಚಯ.

ಉಓತೋ ಅನ್ನೋ ಮಂಗಾಕಾರ ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ವಾರಪತ್ರಿಕೆಯಲ್ಲಿ 2020ರಿಂದ 2022ರವರೆಗೆ ಬರೆದದ್ದು ಇದು. ಒಟ್ಟು 8 ಸಂಪುಟ. 2022ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿಯ ಮೊದಲ ಬಹುಮಾನ ಸಿಕ್ಕಿತು. ಲೇಖಕ ಹುಟ್ಟಿದ್ದು 1997ರಲ್ಲಿ, ಅಂದ್ರೆ ನಮಗಿಂತ ಬಹಳ ದೊಡ್ಡವರೇನಲ್ಲ. ಮ್ಯಾಡ್‌ಹೌಸ್ ಮಾಡಿದ ಅನಿಮೆ 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ಬಂತು.

ಜಪಾನೀ ಹೆಸರು ಶುರುವಾಗೋದೇ ‘ಚಿ’ ಅಂತ. ಒಂದೇ ಅಕ್ಷರ. ಆ ಉಚ್ಚಾರಣೆಗೆ ಮೂರು ಅರ್ಥ ಬರುತ್ತೆ: ಭೂಮಿ, ರಕ್ತ, ಜ್ಞಾನ. ಇಡೀ ಕಥೆ ಆ ಮೂರು ಮಾತಿನಲ್ಲೇ ಇದೆ. ಇಂಗ್ಲಿಷ್ ಹೆಸರಲ್ಲಿ ಇದು ಹೋಗಿಬಿಟ್ಟಿದೆ, ಅದೇ ನನ್ನ ಬೇಜಾರು.

ಕಥೆ 15ನೇ ಶತಮಾನದ್ದು. ರಫಾಲ್ ಅನ್ನೋ 12 ವರ್ಷದ ಹುಡುಗ. ಮಹಾ ಬುದ್ಧಿವಂತ, ಜೊತೆಗೆ ಮಹಾ ಲೆಕ್ಕಾಚಾರದವನು. ಎಲ್ಲರಿಗೂ ಬೇಕಾದ ಹಾಗೆ ಮಾತಾಡಿ ಆರಾಮಾಗಿ ಬದುಕೋದು ಅವನ ಪ್ಲಾನ್. ಅಂಥವನ ಕೈಗೆ ಧರ್ಮದ್ರೋಹಿ ಅನ್ನಿಸಿಕೊಂಡ ಹ್ಯೂಬರ್ಟ್‌ನ ಸಂಶೋಧನೆ ಸಿಗುತ್ತೆ. ಭೂಮಿ ಚಲಿಸುತ್ತೆ ಅನ್ನೋ ಲೆಕ್ಕ. ಆಮೇಲೆ ಆ ಹುಡುಗನಿಗೆ ಸುಳ್ಳು ಹೇಳೋಕಾಗಲ್ಲ. ನ್ಯಾಯಾಲಯದಲ್ಲಿ ‘ತಪ್ಪಾಯ್ತು’ ಅಂದಿದ್ರೆ ಬದುಕ್ತಿದ್ದ. ಅನ್ನಲಿಲ್ಲ. ಮೂರನೇ ಎಪಿಸೋಡ್‌ನಲ್ಲೇ ನಾಯಕ ಸತ್ತುಹೋಗ್ತಾನೆ ಗುರು! ಉಳಿಯೋದು ಒಂದು ಕಲ್ಲಿನ ಪೆಟ್ಟಿಗೆ ಮತ್ತು ಅದನ್ನ ಮುಂದೆ ಯಾರು ತೆರೀತಾರೆ ಅನ್ನೋ ಪ್ರಶ್ನೆ.

ಇಷ್ಟು ಚೆನ್ನಾಗಿ ಹೇಳಿದ್ಮೇಲೆ ಇತಿಹಾಸ ಹೀಗೇ ಇತ್ತು ಅಂತ ಯಾರಿಗಾದ್ರೂ ಅನ್ನಿಸುತ್ತೆ. ನನಗೂ ಅನ್ನಿಸ್ತು.

3/7
ಹಾಗಾದ್ರೆ ಆ ಶತಮಾನದಲ್ಲಿ ನಿಜಕ್ಕೂ ಏನಿತ್ತು?

ಧರ್ಮದ್ರೋಹಕ್ಕೆ ಸುಡೋದು ನಿಜವಾಗಿಯೂ ಇತ್ತು, ಅದನ್ನ ಅನಿಮೆ ಕಟ್ಟಿದ್ದಲ್ಲ. ಬೊಹಿಮಿಯಾದ ಯಾನ್ ಹುಸ್‌ರನ್ನ 1415ರಲ್ಲಿ ಕಾನ್‌ಸ್ಟನ್ಸ್‌ನಲ್ಲಿ ಸುಟ್ಟರು. 1424ರಲ್ಲಿ ಪೋಲೆಂಡ್ ರಾಜ ಯಗೆಲ್ಲೋ ವಿಯೆಲುನ್ ಶಾಸನ ಹೊರಡಿಸಿ, ಹುಸ್ ಅನುಯಾಯಿಗಳನ್ನ ರಾಜದ್ರೋಹಿಗಳ ಹಾಗೆ ನೋಡಬೇಕು ಅಂದ. ಆದರೆ ಅಲ್ಲಿನ ಜಗಳ ಚರ್ಚಿನ ಅಧಿಕಾರದ್ದು, ಪಾದ್ರಿಗಳ ಭ್ರಷ್ಟತೆಯದ್ದು, ಧರ್ಮವಿಧಿಯದ್ದು. ಗ್ರಹಗಳದ್ದಲ್ಲ.

ಗ್ರಹಗಳ ಬಗ್ಗೆ ಮಾತಾಡಿದವರಿಗೆ ಏನಾಯ್ತು ನೋಡಿ. ನಿಕೋಲ್ ಒರೆಮ್ ಅಂತ ಫ್ರೆಂಚ್ ಪಂಡಿತ. ಭೂಮಿ ತನ್ನ ಸುತ್ತ ತಾನೇ ತಿರುಗ್ತಿಲ್ಲ ಅಂತ ಸಾಬೀತು ಮಾಡೋಕೆ ಯಾರಿಂದಲೂ ಆಗಲ್ಲ ಅಂತ 1377ರಲ್ಲಿ ವಾದ ಹೂಡಿದ್ರು. ಕೊನೆಗೆ ತಾವೇ ‘ಆದರೂ ನಿಂತಿದೆ ಅಂತಲೇ ನಂಬ್ತೀನಿ’ ಅನ್ನೋ ಕಡೆ ಹೋದ್ರು, ಅದು ಬೇರೆ ಮಾತು. ಅವರಿಗೆ ಶಿಕ್ಷೆ ಆಗಲಿಲ್ಲ, ಅವರು ಬಿಷಪ್ ಆದ್ರು.

ಇನ್ನೊಬ್ಬರು ಕೂಸಾದ ನಿಕೊಲಸ್. ಭೂಮಿ ವಿಶ್ವದ ಸ್ಥಿರ ಕೇಂದ್ರ ಅಲ್ಲ ಅಂತ 1440ರ ಪುಸ್ತಕದಲ್ಲಿ ಬರೆದ್ರು. ಇದು ಲೆಕ್ಕದ ಸೂರ್ಯಕೇಂದ್ರ ವಾದ ಅಲ್ಲ, ತತ್ತ್ವಶಾಸ್ತ್ರದ ಮಾತು. ಆದರೂ ಅನಿಮೆಯ ಲೋಕದಲ್ಲಿ ಇಷ್ಟೇ ಸಾಕಿತ್ತು, ನೋವಾಕ್ ಬಂದು ಉಗುರು ಕೀಳೋಕೆ ಕೂರ್ತಿದ್ದ. ನಿಜದಲ್ಲಿ ಎಂಟು ವರ್ಷದ ನಂತರ ಅವರನ್ನ ಕಾರ್ಡಿನಲ್ ಮಾಡಿದ್ರು!

ಮೇಡಂ ಯಾಕೆ ‘ಒಂದೇ ಹೆಸರು’ ಕೇಳಿದ್ರು ಅಂತ ಲೈಬ್ರರಿಯಲ್ಲಿ ಇದನ್ನ ಓದಿದಾಗ ಅರ್ಥ ಆಯ್ತು.

4/7
ಈಗ ದೊಡ್ಡ ಹೆಸರಿಗೆ ಬರೋಣ: ಕೋಪರ್ನಿಕಸ್.

ಹುಟ್ಟಿದ್ದು 1473ರಲ್ಲಿ, ಪೋಲೆಂಡಿನ ಟೊರೂನ್‌ನಲ್ಲಿ. ಕ್ರಾಕೋವ್ ವಿಶ್ವವಿದ್ಯಾಲಯದಲ್ಲಿ ಓದು. ಜೀವನ ಪೂರ್ತಿ ಕೆಲಸ ಮಾಡಿದ್ದು ಎಲ್ಲಿ ಗೊತ್ತಾ? ಚರ್ಚ್‌ನಲ್ಲೇ. ಫ್ರೊಂಬೋರ್ಕ್ ಕೆಥೆಡ್ರಲ್‌ನ ಕ್ಯಾನನ್ ಆಗಿದ್ದರು, ಅಂದ್ರೆ ಅದರ ಆಡಳಿತ ಮಂಡಳಿಯ ಸದಸ್ಯರು.

1514ಕ್ಕೂ ಮೊದಲೇ ತಮ್ಮ ವಿಚಾರವನ್ನ ಚಿಕ್ಕ ಹಸ್ತಪ್ರತಿಯಾಗಿ ಸ್ನೇಹಿತರಿಗೆ ಕೊಟ್ಟಿದ್ರು. 1533ರಲ್ಲಿ ಪೋಪ್ ಏಳನೇ ಕ್ಲೆಮೆಂಟ್‌ಗೆ ವ್ಯಾಟಿಕನ್ ತೋಟದಲ್ಲಿ ಒಬ್ಬ ಕಾರ್ಯದರ್ಶಿ ಇದನ್ನ ವಿವರಿಸಿದ. ಪೋಪ್ ಸಿಟ್ಟಾಗಲಿಲ್ಲ, ಉಡುಗೊರೆ ಕೊಟ್ಟರು. 1536ರಲ್ಲಿ ಕಾರ್ಡಿನಲ್ ಶ್ಯೋನ್‌ಬರ್ಗ್ ‘ನಿಮ್ಮ ಬರಹದ ಪ್ರತಿ ಕಳಿಸಿ’ ಅಂತ ರೋಮ್‌ನಿಂದ ಪತ್ರ ಬರೆದರು. ‘ಪ್ರಕಟಿಸಿ’ ಅಂತ ಬೆನ್ನುಹತ್ತಿದ್ದು ಬಿಷಪ್ ಗೀಸೆ. ಕೊನೆಗೆ ಹಸ್ತಪ್ರತಿಯನ್ನ ಅಚ್ಚಿನ ದಾರಿಗೆ ತಂದದ್ದು ರೆಟಿಕಸ್ ಅನ್ನೋ ಲೂಥರನ್ ಯುವ ಗಣಿತಜ್ಞ. 1543ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಪುಸ್ತಕ ಬಂತು. ಅರ್ಪಣೆ ಪೋಪ್ ಮೂರನೇ ಪೌಲ್‌ಗೆ.

ಹಾಗಾದ್ರೆ ಕೋಪರ್ನಿಕಸ್ ಇಷ್ಟು ವರ್ಷ ಯಾಕೆ ಅಚ್ಚು ಹಾಕಿಸಲಿಲ್ಲ? ಪೋಪ್‌ಗೆ ಬರೆದ ಅರ್ಪಣೆಯಲ್ಲಿ ಅವರೇ ಕಾರಣ ಹೇಳಿದ್ದಾರೆ: ಜನ ನಗ್ತಾರೆ ಅನ್ನೋ ಭಯ.

ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸಾವಿನ ಭಯ ಅಲ್ಲ, ನಗೆಪಾಟಲಾಗೋ ಭಯ. ಸೆಮಿನಾರ್ ಆದ ವಾರ ನನಗಿದ್ದದ್ದೂ ಅದೇ. ರಫಾಲ್‌ನ ಧೈರ್ಯ ನೋಡಿ ಅತ್ತಿದ್ದೆ, ಆದರೆ ಹತ್ತಿರದವರು ಅನ್ನಿಸಿದ್ದು ಈ ಮುದುಕರು.

5/7
ಸರಿ, ಚರ್ಚ್ ಸುಡ್ತಿರಲಿಲ್ಲ ಅಂದ್ಮೇಲೆ ಎಲ್ಲರೂ ಯಾಕೆ ಒಪ್ಪಲಿಲ್ಲ? ಜನ ದಡ್ಡರಾಗಿದ್ರಾ?

ಇಲ್ಲ ಮಗಾ. ಇಲ್ಲೇ ವಿಜ್ಞಾನ ಬರೋದು.

ಅನಿಮೆಯ ನಡುಭಾಗದಲ್ಲಿ ಒಂದು ದೃಶ್ಯ ಇದೆ, ನನ್ನ ಪ್ರಕಾರ ಇಡೀ ಸೀರೀಸ್‌ನಲ್ಲೇ ಶ್ರೇಷ್ಠ. ಜೀವನ ಪೂರ್ತಿ ಭೂಕೇಂದ್ರ ವಾದಕ್ಕೆ ದುಡಿದ ವೃದ್ಧ ಪಿಯಾಸ್ಟ್. ಅದ್ಭುತ ಕಣ್ಣಿರೋ, ಆದರೆ ಆಕಾಶ ನೋಡೋಕೆ ಹೆದರೋ ಓಕ್ಸಿ. ಶುಕ್ರ ಗ್ರಹ ಹೇಗೆ ಕಾಣುತ್ತೆ ಅಂತ ಮುದುಕ ಕೇಳ್ತಾನೆ. ಹಳೆಯ ಲೆಕ್ಕದಲ್ಲಿ ಶುಕ್ರ ಯಾವಾಗಲೂ ಸೂರ್ಯನಿಗಿಂತ ಈಚೆಗೇ ಇರಬೇಕು, ಹಾಗಾಗಿ ಎಂದೂ ತುಂಬಿ ಕಾಣಬಾರದು. ಓಕ್ಸಿ ನೋಡ್ತಾನೆ, ತುಂಬಿದೆ ಅಂತಾನೆ. ಒಂದು ಮಾತಿಗೆ ಒಂದು ಜೀವಮಾನದ ಕೆಲಸ ಕುಸಿಯುತ್ತೆ.

ತರ್ಕ ನೂರಕ್ಕೆ ನೂರು ಸರಿ. ಆದರೆ ಬರಿಗಣ್ಣಿಗೆ ಅದು ಸಾಧ್ಯವೇ ಇಲ್ಲ. ಒಂದು ಡಿಗ್ರಿಯನ್ನ 3600 ಭಾಗ ಮಾಡಿದ್ರೆ ಒಂದೊಂದು ಭಾಗ ಒಂದು ಆರ್ಕ್‌ಸೆಕೆಂಡ್. ನಮ್ಮ ಕಣ್ಣು ಆಕಾರ ಗುರುತಿಸೋಕೆ ಸುಮಾರು 60 ಬೇಕು. ತುಂಬಿದ ಶುಕ್ರ ಇರೋದು ಸುಮಾರು 10. ಅದಕ್ಕೇ ಟೆಲಿಸ್ಕೋಪ್ ಬರೋವರೆಗೆ ಕಾಯಬೇಕಾಯ್ತು. ಗೆಲಿಲಿಯೋ ಅದನ್ನ ಕಂಡದ್ದು 1610ರಲ್ಲಿ. ಬದೇನಿ ಕಂಡುಹಿಡಿಯೋ ದೀರ್ಘವೃತ್ತದ ಕಕ್ಷೆ ಕೂಡ ಕೆಪ್ಲರ್ 1609ರಲ್ಲಿ ಪ್ರಕಟಿಸಿದ್ದು. ಕೋಪರ್ನಿಕಸ್ ಇನ್ನೂ ವೃತ್ತಗಳಲ್ಲೇ ಇದ್ದರು.

ಇನ್ನೊಂದು ಬಲವಾದ ಆಕ್ಷೇಪ ಇತ್ತು. ಭೂಮಿ ಅಷ್ಟು ದೊಡ್ಡ ಸುತ್ತು ಹೊಡೆದ್ರೆ ಆರು ತಿಂಗಳಿಗೊಮ್ಮೆ ನಕ್ಷತ್ರಗಳು ಸ್ವಲ್ಪ ಸರಿದಂತೆ ಕಾಣಬೇಕಲ್ವಾ? ಟೈಕೋ ಬ್ರಾಹೆ ಎಷ್ಟು ಹುಡುಕಿದ್ರೂ ಸಿಗಲಿಲ್ಲ. ಅದನ್ನ ಬೆಸೆಲ್ ಅಳೆದದ್ದು 1838ರಲ್ಲಿ! ಅಂದ್ರೆ ವಿರೋಧಿಸಿದವರಲ್ಲಿ ಹಲವರು ಕುರುಡು ನಂಬಿಕೆಯವರಲ್ಲ. ಆಗಿನ ಪುರಾವೆ ಇದ್ದದ್ದೇ ಅಷ್ಟು.

6/7
ಚರ್ಚ್‌ಗೆ ಕ್ಲೀನ್ ಚಿಟ್ ಕೊಡ್ತಿದ್ದೀನಿ ಅಂದ್ಕೋಬೇಡಿ. ಕೊಡೋ ಹಾಗೂ ಇಲ್ಲ.

ಪುಸ್ತಕ ಬಂದು 73 ವರ್ಷ ಆದ್ಮೇಲೆ, 1616ರಲ್ಲಿ, ‘ತಿದ್ದುವವರೆಗೆ ಓದಬೇಡಿ’ ಅಂತ ಆದೇಶ ಬಂತು. ಎಲ್ಲಿ ಹೊಡೆದುಹಾಕಬೇಕು, ಎಲ್ಲಿ ಬದಲಿಸಬೇಕು ಅನ್ನೋ ಪಟ್ಟಿ ಬಂದದ್ದು 1620ರಲ್ಲಿ. 1633ರಲ್ಲಿ ಗೆಲಿಲಿಯೋ ಮಂಡಿಯೂರಿ ‘ನಾನು ನಂಬಲ್ಲ’ ಅನ್ನಬೇಕಾಯ್ತು. 1642ರಲ್ಲಿ ಸಾಯೋವರೆಗೂ ಗೃಹಬಂಧನ. ಕೋಪರ್ನಿಕಸ್ ಪುಸ್ತಕ ನಿಷೇಧಿತ ಪಟ್ಟಿಯಿಂದ ಪೂರ್ತಿ ಹೋದದ್ದು 1835ರ ಆವೃತ್ತಿಯಲ್ಲಿ. ಬ್ರೂನೋ ಮೇಲಿನ ಆರೋಪಗಳಲ್ಲಿ ಮುಖ್ಯವಾದವು ಕ್ರಿಸ್ತನ ದೈವತ್ವದಂಥ ಧರ್ಮದ ವಿಷಯಗಳು. ಆದರೆ ಅನಂತ ಲೋಕಗಳಿವೆ ಅನ್ನೋ ಮಾತೂ ಸೇರಿತ್ತು.

ನನಗೆ ಇದೇ ಹೆಚ್ಚು ಭಯ ಹುಟ್ಟಿಸಿದ್ದು. ಶುರುವಿನಿಂದಲೇ ಕತ್ತಲಿದ್ರೆ ಕಥೆ ಸುಲಭ. ಇಲ್ಲಿ ಪೋಪ್ ಕೂತು ಕೇಳಿದ ವಿಚಾರಾನೇ ಮುಂದಿನ ತಲೆಮಾರುಗಳಲ್ಲಿ ಅಪರಾಧ ಆಯ್ತು. ನಡುವೆ ಲೂಥರ್ ಬಂದ, ಚರ್ಚ್ ಒಡೀತು, ಬೈಬಲ್‌ಗೆ ಅರ್ಥ ಹೇಳೋ ಹಕ್ಕು ಯಾರದ್ದು ಅನ್ನೋ ಜಗಳ ಬಿಸಿಯಾಯ್ತು. ಮುಕ್ತವಾಗಿದ್ದ ಬಾಗಿಲು ಮುಚ್ಚಲೂಬಹುದು. ಅನಿಮೆ ಈ ಭಾಗ ಹೇಳಿದ್ರೆ ಇನ್ನೂ ಗಟ್ಟಿ ಇರ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ನಿಷೇಧ ಎಷ್ಟು ಕೆಲಸ ಮಾಡ್ತು? ಓವನ್ ಗಿಂಗ್‌ರಿಚ್ ಅನ್ನೋ ಖಗೋಳ ಇತಿಹಾಸಕಾರ ಸುಮಾರು 30 ವರ್ಷ ದೇಶ ದೇಶ ಸುತ್ತಿ ಆ ಪುಸ್ತಕದ ಮೊದಲ ಎರಡು ಮುದ್ರಣಗಳ ಸುಮಾರು 600 ಪ್ರತಿ ಹುಡುಕಿದ್ರು. ಇಟಲಿಯ ಹೆಚ್ಚಿನ ಪ್ರತಿಗಳಲ್ಲಿ ಸಾಲು ಹೊಡೆದುಹಾಕಿದ್ದಾರೆ. ಹೊರಗಿನ ದೇಶಗಳಲ್ಲಿ ಹೆಚ್ಚೂಕಮ್ಮಿ ಯಾರೂ ಮುಟ್ಟಿಲ್ಲ.

ಅವರು ಅಂಚುಗಳಲ್ಲಿ ಇನ್ನೊಂದು ವಿಷಯ ಕಂಡರು. ವಿಟೆನ್‌ಬರ್ಗ್‌ನ ಮೇಷ್ಟ್ರು ರೈನ್‌ಹೋಲ್ಡ್ ತಮ್ಮ ಪ್ರತಿಯ ಅಂಚಿನಲ್ಲಿ ಬರೆದ ಟಿಪ್ಪಣಿಗಳೇ ಬೇರೆ ಬೇರೆ ಊರಿನ ಪ್ರತಿಗಳಲ್ಲೂ ಸಿಕ್ಕವು. ಒಬ್ಬರ ನೋಟ್ಸ್ ನೋಡಿ ಇನ್ನೊಬ್ಬರು ಕಾಪಿ ಮಾಡಿಕೊಂಡಿದ್ದರು. ಪರೀಕ್ಷೆ ಹಿಂದಿನ ದಿನ ನಾವು ಮಾಡ್ತೀವಲ್ಲ, ಥೇಟ್ ಹಾಗೇ.

7/7 (ಕೊನೆಯ ಸ್ಪಾಯ್ಲರ್. ನೋಡದವರು ಸೇವ್ ಮಾಡಿಟ್ಟು ಆಮೇಲೆ ಬನ್ನಿ)

ಎರಡನೇ ಸಲ ಆರ್ಬ್ ನೋಡಿದೆ. ಈ ಸಲ ಪೆನ್ನು ಹಿಡ್ಕೊಂಡು.

ಮೊದಲ ಸಲ ಗಮನಿಸದ್ದು ಕಣ್ಣಿಗೆ ಬಿತ್ತು. ದೇಶದ ಹೆಸರು ‘ಪಿ ರಾಜ್ಯ’. ಧರ್ಮದ ಹೆಸರು ‘ಸಿ ಧರ್ಮ’. ಇದು ನಡೆದದ್ದಲ್ಲ ಅಂತ ಲೇಖಕ ಮೊದಲೇ ಸೂಚನೆ ಕೊಟ್ಟಿದ್ದಾರೆ. ನಾನೇ ‘ಪೋಲೆಂಡ್’, ‘ಕ್ರೈಸ್ತ’ ಅಂತ ತುಂಬಿಕೊಂಡು ಸೆಮಿನಾರ್‌ಗೆ ಹೋಗಿದ್ದೆ.

ಕೊನೆಯ ಕಡೆ ಮುದಿ ನೋವಾಕ್‌ಗೆ ಗೊತ್ತಾಗುತ್ತೆ: ಸೂರ್ಯಕೇಂದ್ರ ವಾದವನ್ನ ಹೀಗೆ ಬೇಟೆಯಾಡಿದ್ದು ಅವನಿದ್ದ ಕಡೆಯ ಒಬ್ಬ ಅಧಿಕಾರಸ್ಥನ ಹಟ, ಬೇರೆಲ್ಲೂ ಹಾಗಿರಲೇ ಇಲ್ಲ. ಜೀವನ ಪೂರ್ತಿ ಯಾವುದಕ್ಕಾಗಿ ಜನರನ್ನ ಹಿಂಸಿಸಿದನೋ ಅದು ಇತಿಹಾಸದಲ್ಲಿ ಒಂದು ಸಾಲೂ ಆಗಲ್ಲ. ಅಂದ್ರೆ ಮೇಡಂ ಕೇಳಿದ ಪ್ರಶ್ನೆಯನ್ನ ಅನಿಮೆಯೇ ಕೇಳಿದೆ! ನಾನು ಅಳ್ತಾ ಕೂತಿದ್ದರಿಂದ ಕೇಳಿಸಲಿಲ್ಲ ಅಷ್ಟೇ.

ಆಮೇಲೆ ಪರದೆ ಮೇಲೆ ‘ಪೋಲೆಂಡ್’ ಅಂತ ನಿಜವಾದ ಹೆಸರು ಬರುತ್ತೆ, ಆಲ್ಬರ್ಟ್ ಬ್ರುಡ್‌ಜೆವ್‌ಸ್ಕಿ ಬರ್ತಾನೆ. ಇವರು ನಿಜವಾದ ವ್ಯಕ್ತಿ, ಕೋಪರ್ನಿಕಸ್ ಓದಿದ ಕ್ರಾಕೋವ್‌ನಲ್ಲೇ ಪಾಠ ಮಾಡಿದ ಖಗೋಳಜ್ಞ. ಕಟ್ಟುಕಥೆ ನಿಜಕ್ಕೆ ತಾಗೋದು ಒಬ್ಬ ಮೇಷ್ಟ್ರ ಮೂಲಕ.

ಕಥೆಯಲ್ಲಿ ಪುಸ್ತಕ ಉಳಿಸೋಕೆ ಬಡವರ ತಲೆ ಮೇಲೆ ಹಚ್ಚೆ ಹಾಕಿಸ್ತಾರೆ. ನಿಜದಲ್ಲಿ ಅಂಚಿನ ಟಿಪ್ಪಣಿಗಳು ಸಾಕಾದವು. ರಕ್ತ ಇಲ್ಲ, ಪೆಟ್ಟಿಗೆ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಯಾರೋ ಬರೆದರು, ಇನ್ಯಾರೋ ಇಸ್ಕೊಂಡು ನಕಲು ಮಾಡಿಕೊಂಡರು. ‘ಚಿ’ಯ ಮೂರು ಅರ್ಥದಲ್ಲಿ ಭೂಮಿ ಮತ್ತು ಜ್ಞಾನ ಉಳಿದವು, ರಕ್ತ ಅಷ್ಟು ಬೇಕಾಗಲಿಲ್ಲ. ಆದರೆ ಕೈಯಿಂದ ಕೈಗೆ ದಾಟುತ್ತೆ ಅನ್ನೋ ಮುಖ್ಯ ಮಾತನ್ನ ಉಓತೋ ಸರಿಯಾಗಿಯೇ ಹೇಳಿದ್ದಾರೆ.

ನನ್ನ ರೇಟಿಂಗ್: ಅನಿಮೆಗೆ 10ಕ್ಕೆ 9. ಇತಿಹಾಸಕ್ಕೆ 10ಕ್ಕೆ 4. ಇತಿಹಾಸ ಓದಿಸಿದ್ದಕ್ಕೆ 10ಕ್ಕೆ 10.

ಮರು ಸೆಮಿನಾರ್ ಕೊಟ್ಟೆ. ಎರಡನೇ ಸ್ಲೈಡ್‌ನಲ್ಲಿ ಈ ಸಲ ಕೂಸಾದ ನಿಕೊಲಸ್ ಹೆಸರಿತ್ತು. ಮೇಡಂ ಏನೂ ಹೇಳಲಿಲ್ಲ, ತಮ್ಮ ಡೈರಿಯಲ್ಲಿ ಏನೋ ಬರ್ಕೊಂಡ್ರು. ನನಗೆ ಅಷ್ಟು ಸಾಕಿತ್ತು.

ನನ್ನ ನೋಟ್ಸ್ ಯಾರಿಗಾದ್ರೂ ಬೇಕಿದ್ರೆ ಡಿಎಂ ಮಾಡಿ, ಫೋಟೋ ಕಳಿಸ್ತೀನಿ. ತಪ್ಪಿದ್ರೆ ಅಂಚಿನಲ್ಲಿ ಬರೆದು ವಾಪಸ್ ಕೊಡಿ.

ನೀವೂ ಅನಿಮೆ ನೋಡಿ ನಂಬಿ, ಆಮೇಲೆ ಸುಳ್ಳು ಅಂತ ಗೊತ್ತಾದ ಒಂದು ವಿಷಯ ಕಮೆಂಟ್‌ನಲ್ಲಿ ಹಾಕಿ. ನಗಲ್ಲ, ಪ್ರಾಮಿಸ್. 🌍

#ಆರ್ಬ್ #ಕನ್ನಡಅನಿಮೆ #ಮಂಗಾ #ಇತಿಹಾಸ #ಕೋಪರ್ನಿಕಸ್