ಮಾಗಡಿ ರಸ್ತೆಯ ಪೂರ್ವೋತ್ತರ

ಬೆಂಗಳೂರಿನಿಂದ ಹೊರಡುವ ಹೆದ್ದಾರಿಗಳ ಪೈಕಿ ಮೈಸೂರಿನದು ಅರಸರ ಸವಾರಿಯಿಂದಲೂ, ಮದರಾಸಿನದು ಕಂಪನಿಯ ದಂಡಿನಿಂದಲೂ, ಬಳ್ಳಾರಿಯದು ಈಚೆಗೆ ವಿಮಾನನಿಲ್ದಾಣದಿಂದಲೂ ಪ್ರಸಿದ್ಧಿಯನ್ನು ಪಡೆದಿರಲಾಗಿ, ಮೈಸೂರು ತುಮಕೂರು ರಸ್ತೆಗಳ ನಡುವೆ ಪಡುವಣಕ್ಕೆ ಮುಖಮಾಡಿ, ಸುಮಾರು 50 ಕಿಲೋಮೀಟರು ಸಾಗಿ ಒಂದು ತಾಲ್ಲೂಕು ಪಟ್ಟಣವನ್ನು ಮುಟ್ಟುವ ಮಾಗಡಿ ರಸ್ತೆಯ ಮೇಲೆ ಚರಿತ್ರಕಾರರ ಕಣ್ಣು ಬಿದ್ದದ್ದು ಕಡಿಮೆ. ಆದರೂ ಈ ನಗರವನ್ನು ಕಟ್ಟಿದ ವಂಶವು ನಗರವನ್ನು ಕಳೆದುಕೊಂಡ ದಿನ ಆಶ್ರಯವನ್ನರಸಿದ್ದು ಈ ದಿಕ್ಕಿನಲ್ಲಿಯೇ. ನಗರವು ತರುವಾಯದ ಕಾಲದಲ್ಲಿ ತನಗೆ ಬೇಕಾದ ನೀರನ್ನು ತರಿಸಿಕೊಂಡದ್ದೂ, ಬೇಡವೆನಿಸಿದ್ದನ್ನು ಹೊರಗಿಟ್ಟದ್ದೂ ಈ ದಿಕ್ಕಿನಲ್ಲಿಯೇ. ಊರಿನ ಎಲ್ಲೆಯು ಕಾಲಕಾಲಕ್ಕೆ ಎಷ್ಟೆಷ್ಟು ಮುಂದೆ ಸರಿಯಿತೆಂಬುದನ್ನು ಅರಿಯಬಯಸುವವನು ನಕಾಶೆಗಳ ಬದಲು ಈ ರಸ್ತೆಯ ನಿಲ್ದಾಣಗಳನ್ನೇ ಓದಿಕೊಂಡು ಹೋದರೂ ಸಾಕು.

ಸರ್ಕಾರದ ಲೆಕ್ಕದಲ್ಲಿ ಇದು ರಾಜ್ಯ ಹೆದ್ದಾರಿ 85. ಮಾಗಡಿಗೆ ಇದರ ಪಯಣ ಮುಗಿಯುವುದಿಲ್ಲ. ಹುಲಿಯೂರುದುರ್ಗವನ್ನು ಹಾಯ್ದು, ಹಾಸನದ ಸೀಮೆಯನ್ನು ದಾಟಿ, ಬಿಸಿಲೆಯ ಘಟ್ಟವನ್ನಿಳಿದು, ಸುಬ್ರಹ್ಮಣ್ಯದ ಮಾರ್ಗವಾಗಿ ದಕ್ಷಿಣ ಕನ್ನಡದ ಜಾಲ್ಸೂರಿನವರೆಗೂ ಇದು ಹೋಗುತ್ತದೆ. ಅಷ್ಟು ದೂರದ ಮಾತು ಇಲ್ಲಿ ಬೇಡ. ರೈಲ್ವೆ ನಿಲ್ದಾಣದ ಬೆನ್ನಿಗೆ ಬಿನ್ನಿಮಿಲ್ಲಿನ ಬಳಿ ಹೊರಟು, ಟೋಲ್‌ಗೇಟು, ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ, ಬ್ಯಾಡರಹಳ್ಳಿ, ಕಡಬಗೆರೆ, ತಾವರೆಕೆರೆಗಳನ್ನು ಒಂದೊಂದಾಗಿ ಹಿಂದಿಕ್ಕಿ, ಅರ್ಕಾವತಿಯನ್ನು ದಾಟಿ ಮಾಗಡಿಯನ್ನು ಸೇರುವ ಮೊದಲ ಭಾಗವೇ ಈ ಬರಹದ ವಿಷಯ.

ಹಿರಿಯ ಕೆಂಪೇಗೌಡನು 1537ರಲ್ಲಿ ಮಣ್ಣಿನ ಕೋಟೆಯೊಳಗೆ ಪೇಟೆಯನ್ನು ಹೂಡಿದನೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ವಂಶದವರು ಬೆಂಗಳೂರಿನಲ್ಲಿ ಆಳಿದ್ದು ಹೆಚ್ಚುಕಡಿಮೆ ನೂರು ವರ್ಷವಾದರೆ, ಬೆಂಗಳೂರನ್ನು ಬಿಟ್ಟು ಮಾಗಡಿಯಲ್ಲಿ ಆಳಿದ್ದೂ ಹತ್ತಿರಹತ್ತಿರ ಅಷ್ಟೇ ಕಾಲವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಬಿಜಾಪುರದ ಸೇನಾನಿ ರಣದುಲ್ಲಾಖಾನನು 1638ರಲ್ಲಿ ಬೆಂಗಳೂರನ್ನು ಗೆಲ್ಲಲು, ಆ ಊರು ಮರಾಠಾ ಸರದಾರ ಶಹಾಜಿಯ ಪಾಲಿಗೆ ಸಂದಿತು. ಸೋತ ಗೌಡಪ್ರಭುವು ಮಾಗಡಿಗೂ ಅದರ ಕಾವಲಿನಂತಿದ್ದ ಸಾವನದುರ್ಗಕ್ಕೂ ತನ್ನ ಸಂಸ್ಥಾನವನ್ನು ಒಯ್ದನು. ಅಂದಿನಿಂದ ಈ ದಾರಿಯ ದೊರೆತನವು ಪಶ್ಚಿಮದ ತುದಿಯಲ್ಲಿಯೂ, ಪರರ ಸ್ವತ್ತಾದ ಪೇಟೆಯು ಪೂರ್ವದ ತುದಿಯಲ್ಲಿಯೂ ಉಳಿದವು. ಕಾಡುಗುಡ್ಡಗಳ ನಡುವಣ ಆ ಚಿಕ್ಕ ಆಸ್ಥಾನವನ್ನು ಬರಿಯ ಪಲಾಯನದ ಬಿಡಾರವೆಂದು ಎಣಿಸುವುದು ತಪ್ಪಾದೀತು. ಸೋಮೇಶ್ವರನ ದೇಗುಲವೂ ಅದರ ಗೋಪುರಗಳೂ ಎದ್ದದ್ದು ಈ ವಂಶದವರಿಂದಲೇ; ‘ಗಂಗಾಗೌರೀವಿಲಾಸ’ವೆಂಬ ತೆಲುಗು ಯಕ್ಷಗಾನವನ್ನು ರಚಿಸಿದ ಅರಸೂ ಇದೇ ಮನೆತನದವನು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದಾಗ ಸೆರೆಸಿಕ್ಕ ಕಡೆಯ ಪ್ರಭುವಾದ ಕೆಂಪವೀರಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡನು. ಇಷ್ಟಾಗಿಯೂ ಮಾಗಡಿಯ ಜನ ಕೆಂಪೇಗೌಡನನ್ನು ಇಂದಿಗೂ ತಮ್ಮ ಊರಿನವನೆಂದೇ ಹೇಳುತ್ತಾರೆ; 2015ರಲ್ಲಿ ಆ ತಾಲ್ಲೂಕಿನ ಕೆಂಪಾಪುರದಲ್ಲಿ ಆತನದೆಂದು ಗುರುತಿಸಲಾದ ಸಮಾಧಿಯು ಬೆಳಕಿಗೆ ಬಂದ ಮೇಲಂತೂ ಆ ಹಕ್ಕಿಗೆ ಕಲ್ಲಿನ ಆಧಾರವೇ ಸಿಕ್ಕಂತಾಯಿತು.

ದಾರಿಯ ಎಡಕ್ಕೆ, ದಿಗಂತದಲ್ಲಿ, ಗಿಡಮರಗಳ ತಲೆಯ ಮೇಲೆ ಬೋಳಾಗಿ ಎದ್ದು ನಿಂತಿರುವ ಸಾವನದುರ್ಗದ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ಈ ಸೀಮೆಯಲ್ಲಿ ರಸ್ತೆ ಮಾಡುವುದೆಂದರೇನೆಂಬುದನ್ನು ಅದು ಚೆನ್ನಾಗಿ ತೋರಿಸಿಕೊಡುತ್ತದೆ. ಸಮುದ್ರಮಟ್ಟದಿಂದ 1200 ಮೀಟರಿಗೂ ಮಿಗಿಲಾದ ಈ ಏಕಶಿಲೆಯ ಬೆಟ್ಟವು ಕರಿಗುಡ್ಡ ಬಿಳಿಗುಡ್ಡಗಳೆಂದು ಎರಡು ಕೊಡುಗಳಾಗಿ ಸೀಳಿದ್ದು, ಒಂದನ್ನು ಶತ್ರು ಹಿಡಿದರೂ ಇನ್ನೊಂದರಲ್ಲಿ ನಿಂತು ಕಾದಬಹುದಾಗಿತ್ತು. ಅದಕ್ಕಿಂತ ಬಲವಾದ ಕೋಟೆಯೆಂದರೆ ಸುತ್ತಲಿನ ಕಾಡೇ. ಮೈಲಿಗಟ್ಟಲೆ ಬಿದಿರುಮೆಳೆ, ಬಂಡೆಯ ಇಕ್ಕಟ್ಟು, ಅದರೊಳಗೆ ಹುಟ್ಟುವ ಚಳಿಜ್ವರ. ಬೆಂಗಳೂರನ್ನು 1791ರ ಮಾರ್ಚಿಯಲ್ಲಿ ವಶಪಡಿಸಿಕೊಂಡಿದ್ದ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲೀಸನು ಆ ವರ್ಷದ ಡಿಸೆಂಬರಿನಲ್ಲಿ ಇದರ ಮೇಲೆ ದಂಡು ಕಳುಹಿಸಿದಾಗ, ಆಂಗ್ಲರಲ್ಲಿ ಅರ್ಧ ಜನರನ್ನು ದುರ್ಗವೂ ಮಿಕ್ಕರ್ಧವನ್ನು ಅಲ್ಲಿಯ ಗಾಳಿಯೂ ತಿಂದುಹಾಕುವುವೆಂದು ಟೀಪೂ ಸುಲ್ತಾನನು ನಂಬಿದ್ದನಂತೆ. ಭಾರಿ ತೋಪುಗಳು ಬೆಟ್ಟದ ಬುಡವನ್ನು ಮುಟ್ಟದೆ ಮುತ್ತಿಗೆಯೆಂಬುದೇ ಇಲ್ಲ. ತೋಪು ಹೋಗಬೇಕಾದರೆ ದಾರಿ ಬೇಕು. ದಾರಿಯೋ ಅಲ್ಲಿ ಹೆಸರಿಗೂ ಇರಲಿಲ್ಲ. ಆದಕಾರಣ ಕರ್ನಲ್ ಸ್ಟುವರ್ಟನ ಪಡೆಯವರು ದುರ್ಗದಿಂದ ಮೂರು ಮೈಲಿಯಾಚೆ ಬೀಡುಬಿಟ್ಟು, ಬಿದಿರನ್ನು ಕಡಿದು, ಕಲ್ಲುಗುಡ್ಡಗಳ ಮೇಲೆ ದಾರಿ ಮಾಡಿ, ಆ ಕಬ್ಬಿಣದ ಭಾರವನ್ನು ಒಂದೊಂದು ಗಜವಾಗಿ ಎಳೆದುಕೊಂಡು ಹೋದರು. ತೋಪುಗಳು 17ರಂದು ಬಾಯಿ ತೆರೆದವು. ಗೋಡೆ ಬಿರಿದು 21ರಂದು ದುರ್ಗ ಬಿದ್ದುಹೋಯಿತು. ದಾರಿಯ ಕೆಲಸಕ್ಕಿಂತ ಯುದ್ಧದ ಕೆಲಸ ಹಗುರವಾಗಿತ್ತೆಂದರೆ ಅತಿಶಯೋಕ್ತಿಯಾಗಲಾರದು. ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಆ ಬೆಟ್ಟವನ್ನು ಚಿತ್ರಿಸಿ ವಿಲಾಯಿತಿಯವರಿಗೆ ಅದರ ಪರಿಚಯ ಮಾಡಿಸಿದನು. ಅದಾಗಿ ಎರಡು ಶತಮಾನ ತುಂಬುವುದರೊಳಗೆ ಡೇವಿಡ್ ಲೀನನು ತನ್ನ 1984ರ ಚಲನಚಿತ್ರದ ಗುಹೆಗಳನ್ನು ಅರಸುತ್ತ ಇದೇ ಬಂಡೆಗಳಿಗೆ ಬಂದನು.

ಯುದ್ಧ ಮುಗಿದು ಒಡೆಯರ ಆಳ್ವಿಕೆ ಮರಳಿದ ಮೇಲೆ 1800ರಲ್ಲಿ ಈ ಸೀಮೆಯನ್ನು ಸುತ್ತಿದ ಕಂಪನಿಯ ವೈದ್ಯ ಬುಕಾನನ್ನನು ಕಂಡದ್ದು ಕಾಡು, ಹೊಲ, ಮತ್ತು ಕಬ್ಬಿಣ ಕರಗಿಸುವ ಕುಲುಮೆಗಳು. ಅದಿರನ್ನು ಇದ್ದಲಿನಲ್ಲಿ ಕಾಯಿಸಿ ಕಬ್ಬಿಣವನ್ನೂ ಉಕ್ಕನ್ನೂ ತೆಗೆಯುವ ಕಸುಬು ಮಾಗಡಿಯ ಕಡೆ ಬಹುಕಾಲ ನಡೆದುಬಂದಿತ್ತು. ಕಮಿಷನರ್ ಮಾರ್ಕ್ ಕಬ್ಬನ್ನನ ದೀರ್ಘಾಧಿಕಾರದ ಕಾಲದಲ್ಲಿ, ಅಂದರೆ 1834ರಿಂದ 1861ರವರೆಗೆ, ಮೈಸೂರು ಸೀಮೆಯಲ್ಲಿ ಸಾವಿರಾರು ಗಾಡಿಗಳು ಓಡಾಡಬಲ್ಲ ಮಾರ್ಗಗಳು ಹುಟ್ಟಿಕೊಂಡವು. ಸಣ್ಣಪುಟ್ಟ ಸುಂಕಗಳ ಪೈಕಿ 700ಕ್ಕೂ ಮೇಲ್ಪಟ್ಟವು ರದ್ದಾದವು. ವ್ಯಾಪಾರಕ್ಕೆ ಅವೆರಡರಲ್ಲಿ ಯಾವುದರಿಂದ ಹೆಚ್ಚು ಲಾಭವಾಯಿತೆಂದು ಕೇಳಿದರೆ ನಾನು ಸುಂಕದ ರದ್ದತಿಯ ಕಡೆಗೇ ವಾಲುತ್ತೇನೆ. ಆ ಮೇಲೆ ಬಂದ ಉಗಿಬಂಡಿಯು ಮಾತ್ರ ಮಾಗಡಿಗೆ ಒಲಿಯಲಿಲ್ಲ. 1881-82ರಲ್ಲಿ ಮೈಸೂರಿನ ಹಳಿ ಕೆಂಗೇರಿ, ಈಗ ರಾಮನಗರವೆನಿಸಿರುವ ಕ್ಲೋಸ್‌ಪೇಟೆಗಳ ಮೇಲೆ ನೈಋತ್ಯಕ್ಕೆ ಹೋಯಿತು. 1884ರಲ್ಲಿ ತುಮಕೂರಿನ ಹಳಿ ವಾಯವ್ಯಕ್ಕೆ ಹೋಯಿತು. ಎರಡರ ನಡುವೆ ಸಿಕ್ಕಿದ ಮಾಗಡಿ ಎತ್ತಿನಗಾಡಿಯನ್ನೇ ನಂಬಿಕೊಂಡು ಉಳಿಯಿತು. ಹಳಿ ಬಂದ ಊರುಗಳು ಬೆಳೆದವು. ಬಾರದ ಊರು ತನ್ನ ಕಾಡನ್ನೂ ಕೆರೆಯನ್ನೂ ಬಹುಕಾಲ ಉಳಿಸಿಕೊಂಡಿತು.

ಅತ್ತ ರಸ್ತೆಯ ಬೆಂಗಳೂರಿನ ತುದಿಯಲ್ಲಿ ಬೇರೊಂದು ಲೋಕವೇ ಎದ್ದು ನಿಲ್ಲತೊಡಗಿತು. 1884ರಲ್ಲಿ ಸ್ಥಾಪಿತವಾಗಿ ಬಿನ್ನಿ ಕಂಪನಿಯವರ ಆಡಳಿತಕ್ಕೆ ಬಂದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯು ತನ್ನ ಕೂಗಿನಿಂದ ಸುತ್ತಲ ಪಾಳ್ಯಗಳ ಹೊತ್ತನ್ನು ನಿರ್ಣಯಿಸುತ್ತಿತ್ತು. ಆ ಗಿರಣಿಯ ಜಾಗದಲ್ಲಿ ಈಗ ಬಹುಮಹಡಿಯ ವಸತಿಗಳೆದ್ದಿವೆ. ನಿಲ್ದಾಣದ ಹೆಸರು ಮಾತ್ರ ಬಿನ್ನಿಮಿಲ್ಲೆಂದೇ ನಡೆದಿದೆ. ಅಲ್ಲಿಂದ ಮುಂದೆ, ಈಗ ಕಾರ್ಡ್ ರಸ್ತೆಯು ಅಡ್ಡಹಾಯುವ ಕಡೆ, ನಗರಕ್ಕೆ ಬರುವ ಬಂಡಿಗಳು ನಿಂತು ಹಣ ತೆತ್ತು ಒಳಬರಬೇಕಾಗಿದ್ದ ಟೋಲ್‌ಗೇಟು. ಈಗ ಆ ಗೇಟೂ ಇಲ್ಲ, ಕಾವಲಿನವನೂ ಇಲ್ಲ. ಬಸ್ಸಿನ ನಿರ್ವಾಹಕರು ಮಾತ್ರ ದಿನವೂ ‘ಟೋಲ್‌ಗೇಟ್ ಇಳಿಯೋರು ಬನ್ನಿ’ ಎಂದು ಕೂಗುತ್ತಲೇ ಇದ್ದಾರೆ. ಆ ಗೇಟಿನಾಚೆಗೆ ಊರು ಮುಗಿಯುತ್ತಿದ್ದ ಕಾಲದಲ್ಲಿ ಕುಷ್ಠರೋಗದ ಆಸ್ಪತ್ರೆಯನ್ನು ಈ ರಸ್ತೆಯ ಮೇಲೆ ಇಟ್ಟರು. ಎಲ್ಲೆ ಮುಂದೆ ಸರಿದಂತೆ, 1970ರ ದಶಕದ ಕೊನೆಯಲ್ಲಿ, ಅದೇ ರೋಗದಿಂದ ನೊಂದವರ ಪುನರ್ವಸತಿಗಾಗಿ ಇನ್ನೂ ಪಡುವಲಿಗೆ ಸುಮನಹಳ್ಳಿಯು ಹುಟ್ಟಿತು. ಸಮಾಜವು ಯಾರನ್ನು ತನ್ನ ಕಣ್ಣಿನಿಂದ ಆಚೆಗಿಡಬಯಸಿತೋ ಅವರ ಮನೆಬಾಗಿಲಿಗೇ ಕಡೆಗೆ ಊರು ಬಂದು ಸೇರಿತು. ಇಂದು ಹೊರವರ್ತುಲ ರಸ್ತೆಯ ಮೇಲ್ಸೇತುವೆ ಹಾಯುವುದು ಸುಮನಹಳ್ಳಿಯಲ್ಲಿಯೇ. ಟೋಲ್‌ಗೇಟಿನ ಉತ್ತರಕ್ಕೆ 1949ರಲ್ಲಿ, ಆಗ ಗವರ್ನರ್ ಜನರಲ್ಲರಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ ಕೈಗಾರಿಕೆಯ ಉಪನಗರವಾಗಿ ರಾಜಾಜಿನಗರವೂ, ದಕ್ಷಿಣಕ್ಕೆ ಆಮೇಲೆ ವಿಜಯನಗರವೂ ಹರಡಿಕೊಂಡವು. ಕಾಮಾಕ್ಷಿಪಾಳ್ಯದ ಕಿರಿಗಲ್ಲಿಗಳಲ್ಲಿ ಲೇತು ತಿರುಗುವ, ಕಬ್ಬಿಣದ ಸೀಳು ಹಾರುವ ಸಣ್ಣ ಸಣ್ಣ ಕಾರ್ಖಾನೆಗಳು ತುಂಬಿದವು. ಹಿಂದೆ ಇದೇ ರಸ್ತೆಯ ಆ ತುದಿಯಲ್ಲಿದ್ದ ಕುಲುಮೆ ಈ ತುದಿಗೆ ಬಂದು ನೆಲಸಿತೆಂದು ಯಾರಾದರೂ ಹೇಳಿದರೆ ನಾನು ಅಡ್ಡಿಮಾಡುವವನಲ್ಲ.

ನೀರಿನ ಪ್ರಕರಣವು ಇವೆಲ್ಲಕ್ಕಿಂತ ಗಂಭೀರವಾದದ್ದು. 1890ರ ದಶಕದಲ್ಲಿ ನಗರಕ್ಕೆ ನೀರೊದಗಿಸಿದ ಹೆಸರಘಟ್ಟವು 1920ರ ದಶಕದಲ್ಲಿ ಬತ್ತಿದಾಗ, ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯ ಮೇರೆಗೆ, ಅರ್ಕಾವತಿ ಕುಮುದ್ವತಿಗಳು ಸಂಗಮಿಸುವ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆಯನ್ನು ಕಟ್ಟಿ 1933ರಲ್ಲಿ ಪೂರೈಸಿದರು. ಅದಕ್ಕೆ ಚಾಮರಾಜಸಾಗರವೆಂಬ ಹೆಸರು ಬಂದಿತು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ಬೆಂಗಳೂರಿಗೆ ಇದೇ ದೊಡ್ಡ ಆಸರೆ. ಅಂದಿನವರು ಈ ಸ್ಥಳವನ್ನು ಆರಿಸಿಕೊಂಡದ್ದು ಊರಿನ ಕೊಳೆಯಿಂದ ದೂರವೆಂಬ ನೆಮ್ಮದಿಯಿಂದ. ಆದರೆ ಬಡಾವಣೆ ಕಾರ್ಖಾನೆಗಳು ನದಿಯ ಮೇಲುಭಾಗವನ್ನು ಆವರಿಸಿದಂತೆ ಒಳಹರಿವು ಕುಗ್ಗಿತು, ಬಂದ ನೀರೂ ಕೆಟ್ಟಿತು. ಜಲಾನಯನವನ್ನು ವಲಯಗಳಾಗಿ ವಿಭಾಗಿಸಿ ಕಟ್ಟಡಗಳನ್ನು ನಿರ್ಬಂಧಿಸುವ ಸರ್ಕಾರಿ ಆಜ್ಞೆ ಹೊರಟದ್ದು 2003ರಲ್ಲಿ. 2012ರ ಹೊತ್ತಿಗೆ ಇಲ್ಲಿಂದ ನಗರಕ್ಕೆ ನೀರೆತ್ತುವುದೇ ನಿಂತಿತು. ಸುಂಕ ಕೊಡದೆ ಒಂದು ಹುಲ್ಲಿನ ಹೊರೆಯೂ ಒಳಬಾರದಂತೆ ಕಾಯ್ದುಕೊಂಡ ಊರು, ತಾನು ಹೊರಕ್ಕೆ ಬಿಟ್ಟ ಕೊಳಚೆಗೆ ಎಲ್ಲಿಯೂ ಒಂದು ಗೇಟನ್ನು ನಿಲ್ಲಿಸಲಿಲ್ಲ.

ಈ ರಸ್ತೆಯಲ್ಲಿ ಬೆಂಗಳೂರಿನವನು ಯಾವ ತಕರಾರೂ ಇಲ್ಲದೆ ಆದರಿಸುವ ವಸ್ತುವೊಂದುಂಟು. ಮಾರ್ಗಶಿರ ಪುಷ್ಯಗಳ ಮಂಜು ಇಳಿಯತೊಡಗಿತೆಂದರೆ ಮಾಗಡಿಯ ಸೊಗಡವರೆ ಮೂಟೆಮೂಟೆಯಾಗಿ ನಗರಕ್ಕೆ ಹೊರಡುತ್ತದೆ. ತಾವರೆಕೆರೆಯ ಆಚೀಚೆ, ದಾರಿಯ ಬದಿಯಲ್ಲಿ ಗೋಣಿ ಹಾಸಿ, ಇನ್ನೂ ಇಬ್ಬನಿಯ ತೇವ ಆರದ ಕಾಯಿಯನ್ನು ಗುಡ್ಡೆಹಾಕಿಕೊಂಡು ಹೆಂಗಸರು ಕುಳಿತಿರುತ್ತಾರೆ. ಬಲ್ಲವರು ದರವನ್ನು ಕೇಳುವ ಮುನ್ನ ಒಂದು ಕಾಯಿಯನ್ನೆತ್ತಿ ಬೆರಳುಗಳ ನಡುವೆ ಉಜ್ಜಿ ಮೂಸುತ್ತಾರೆ. ಎಣ್ಣೆಯಂತಹ ಅಂಟು ಕೈಗೆ ಹತ್ತಿ, ಘಮ ಮೂಗಿಗೇರಿದರೆ ಮಾತು ಮುಂದುವರಿಯುತ್ತದೆ, ಇಲ್ಲವಾದರೆ ‘ಇದು ಮಾಗಡೀದಲ್ಲ ಬಿಡಮ್ಮ’ ಎಂದು ಎದ್ದುಬಿಡುತ್ತಾರೆ. ಸಂಜೆಗೆ ಅದೇ ಕಾಯಿ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಯಾರದೋ ಅಡುಗೆಮನೆಯಲ್ಲಿ ನೀರಿನಲ್ಲಿ ನೆನೆದು, ಸಿಪ್ಪೆ ಬಿಟ್ಟು, ಹಿಸುಕಿದ ಬೇಳೆಯ ಸಾರಾಗುತ್ತದೆ.

ಆ ಗೋಣಿಗಳು ಹಾಸಿಕೊಳ್ಳುವ ಜಾಗವೂ ವರ್ಷವರ್ಷಕ್ಕೆ ಪಡುವಲಿಗೆ ಸರಿಯುತ್ತಿದೆ. ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿಗಳು ಹಳ್ಳಿಗಳಾಗಿದ್ದವೆಂಬುದಕ್ಕೆ ಇಂದು ಗ್ರಾಮದೇವತೆಯ ಗುಡಿಯೊಂದೇ ಸಾಕ್ಷಿ. ಹೊರವರ್ತುಲ ರಸ್ತೆಯನ್ನು ನೈಸ್ ರಸ್ತೆ ಮೀರಿತು. ಅಲ್ಲಿ ಮತ್ತೆ ಸುಂಕದ ಗೇಟು ಎದ್ದಿದೆ, ಈ ಸಾರಿ ನಗರದ ಸುತ್ತ ತಿರುಗುವವರಿಗೆ. 2015ರ ನವೆಂಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ಮಾಗಡಿ ರಸ್ತೆಯೆಂಬ ಹೆಸರಿನ ನಿಲ್ದಾಣವನ್ನು ತೆರೆದಾಗ, ಬರಿಯ ಹೆಸರಿನ ನಂಟಾದರೂ ದೊರೆಯಿತೆಂದು ಈ ಕಡೆಯವರು ಸಮಾಧಾನಪಟ್ಟುಕೊಂಡರು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟವು ಒಪ್ಪಿಗೆಯಿತ್ತ ಮೂರನೆಯ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಯವರೆಗೆ 12.5 ಕಿಲೋಮೀಟರಿನ, 9 ನಿಲ್ದಾಣಗಳ ಮಾರ್ಗವು ಈ ರಸ್ತೆಯ ನೆತ್ತಿಯ ಮೇಲೆಯೇ ಹೋಗತಕ್ಕದ್ದು. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿದ್ದ ಮಾಗಡಿ ತಾಲ್ಲೂಕು, ಆ ಜಿಲ್ಲೆಗೆ 2025ರಲ್ಲಿ ಹೊಸ ನಾಮಕರಣವಾದ್ದರಿಂದ, ತಾನು ಬೆಂಗಳೂರಿನ ಪಡುವಲಿಗಿದ್ದರೂ ‘ಬೆಂಗಳೂರು ದಕ್ಷಿಣ’ವೆನಿಸಿಕೊಂಡಿದೆ. ನೂರ ನಲವತ್ತು ವರ್ಷಗಳ ಹಿಂದೆ ತಪ್ಪಿಹೋದ ಹಳಿ ಹೀಗೆ ಕಡಬಗೆರೆಯವರೆಗೆ ಬರಲೊಪ್ಪಿದೆ. ಅಲ್ಲಿಂದ ಮಾಗಡಿಗೆ ಸದ್ಯಕ್ಕೆ ಬಸ್ಸೇ ಗತಿ.