ಅಟ್ಟದ ಮೇಲಿನ ಪರಿಗ್ರಹ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯಗಳ ಸಾಲಿಗೆ ‘ಕುಪ್ಯ’ವನ್ನೂ ಸೇರಿಸುತ್ತದೆ. ಬಟ್ಟೆಬರೆ, ಪಾತ್ರೆಪಡಗಗಳೆಂದು ಇದನ್ನು ವಿವರಿಸುವುದುಂಟು. ಅದೇ ಅಧ್ಯಾಯವು ಪರಿಗ್ರಹವನ್ನು ವಸ್ತುವಿನಲ್ಲಿ ಅಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿ ಗುರುತಿಸಿದೆ. ಮನೆಯ ಅಡಕಲನ್ನು ಕುರಿತು ಇದಕ್ಕಿಂತ ಹರಿತವಾದ ಮಾತು ದೊರೆಯಲಾರದು. ಆದರೆ ಮಲೆನಾಡಿನ ಅಟ್ಟದ ಚರಿತ್ರೆಯನ್ನು ಮೂರ್ಛೆಯೊಂದರಿಂದಲೇ ವಿವರಿಸಲಾಗದು.

ಶಿವಮೊಗ್ಗದ ಹಳೆಯ ಮನೆಗಳಲ್ಲಿ ಅಟ್ಟವೆಂಬುದು ಮಳೆಗಾಲದ ಉಗ್ರಾಣ. ಅಡಿಕೆ, ಉಪ್ಪಿನಕಾಯಿಯ ಭರಣಿ, ವರ್ಷಕ್ಕೊಮ್ಮೆ ಬೇಕಾಗುವ ಕಡಾಯಿ, ಕೊಪ್ಪರಿಗೆ ಎಲ್ಲಕ್ಕೂ ಅದೇ ನೆಲೆ. ಅಲ್ಲಿ ಬೇಡದ ವಸ್ತು ತುಂಬಿದ್ದು ಗೃಹಸ್ಥರ ಸೋಮಾರಿತನದಿಂದ ಮಾತ್ರವಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬಂದು ಆಣೆ ಪೈಗಳು ಡಬ್ಬಿ ಸೇರಿದವು. ಮೆಟ್ರಿಕ್ ಅಳತೆಗಳು ಬಂದಮೇಲೆ ಕೊಳಗ, ಬಳ್ಳ, ಸೇರು, ಪಾವುಗಳು ವ್ಯವಹಾರದಿಂದ ಹಿಂದೆ ಸರಿದವು. ವಿದ್ಯುತ್ತು ಬಂದಲ್ಲೆಲ್ಲ ಲಾಟೀನು ಮೂಲೆಗೆ ಸರಿಯಿತು. ಒಂದು ಶಾಸನ, ಒಂದು ಯಂತ್ರ, ಒಂದು ತಂತಿ. ಇವು ನಿನ್ನೆಯ ಉಪಕರಣವನ್ನು ಇಂದಿನ ಹೊರೆಯಾಗಿಸುತ್ತವೆ. ಎಸೆಯಲು ಮನಸ್ಸು ಬಾರದವರು ಅದನ್ನು ಮೇಲಕ್ಕೇರಿಸುತ್ತಾರೆ, ಅಷ್ಟೆ.

ಬೆಂಕಿಪುರವೆಂದು ಹಿಂದೆ ಕರೆಸಿಕೊಂಡಿದ್ದ ಭದ್ರಾವತಿಯ ಕಥೆ ಬೇರೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವೆರಡೂ ಊರಿಗೆ ‘ಕ್ವಾರ್ಟರ್ಸ್’ ಎಂಬ ಹೊಸ ಬಗೆಯ ಮನೆಯನ್ನು ತಂದವು. ಅದು ಪಿತ್ರಾರ್ಜಿತವಲ್ಲ, ನೌಕರಿ ಮುಗಿದ ದಿನ ಬಿಟ್ಟುಕೊಡಬೇಕಾದ ಮನೆ. ಅಟ್ಟ ತಲೆಮಾರುಗಳವರೆಗೆ ಮುಂದೂಡುವ ನಿರ್ಣಯವನ್ನು ಇಲ್ಲಿ ನಿವೃತ್ತಿಯ ಆದೇಶವೇ ಮಾಡಿಸುತ್ತದೆ.

ಮನೆಯನ್ನು ಒಪ್ಪಗೊಳಿಸಲು ಪ್ರೇರಣೆ ಎಲ್ಲಿಂದ ಬರಬೇಕು? ಪರಂಪರೆ ಅದನ್ನು ಮನಸ್ಸಿಗೆ ಬಿಡದೆ ಪಂಚಾಂಗಕ್ಕೆ ಒಪ್ಪಿಸಿತ್ತು. ಆಯುಧಪೂಜೆಗೆ ಹತಾರಗಳು ಹೊಳೆಯಲೇಬೇಕು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಲೇಬೇಕು. ಜೈನರಲ್ಲಿ ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿ ಇನ್ನೂ ಗಮನಾರ್ಹ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮ ಗ್ರಂಥಸ್ಥವಾದುದರ ನೆನಪಿನ ಈ ದಿನ ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ರೂಢಿಯುಂಟು. ಮಲೆನಾಡಿನಲ್ಲಿ ಅದು ಮುಂಗಾರಿನ ಹೊಸ್ತಿಲು. ಆ ವಾರ ಬಿಸಿಲು ಕಾಣದ ಓಲೆ ಮತ್ತೆ ಬಿಸಿಲು ಕಾಣುವುದು ತಿಂಗಳುಗಳ ಮೇಲೆ; ಅಷ್ಟರಲ್ಲಿ ಬೂಷ್ಟು, ಹುಳು ತಮ್ಮ ಕೆಲಸ ಮಾಡಿರುತ್ತವೆ.

ನಿಜವಾದ ತೊಡಕು ಇರುವುದೂ ಇಲ್ಲಿಯೇ. ನಿರ್ಗ್ರಂಥ ಮುನಿಗೂ ಪಿಂಛಿ, ಕಮಂಡಲುಗಳೊಡನೆ ಶಾಸ್ತ್ರಕ್ಕೆ ಅನುಮತಿಯಿದೆ; ಅದು ಜ್ಞಾನೋಪಕರಣ, ಪರಿಗ್ರಹವಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ದಾನವಾಗಿ ಬಂದ ಗ್ರಂಥ ಓದುವವರಿರುವವರೆಗೆ ಉಪಕರಣ. ಓದುವವರು ಇಲ್ಲವಾದ ಮನೆಯಲ್ಲಿ ಅದೇ ಕಟ್ಟು ಹಂಡೆ, ಲಾಟೀನುಗಳ ಪಕ್ಕದ ಇನ್ನೊಂದು ಸಾಮಾನು. ಹಿತ್ತಾಳೆಗೆ ಗುಜರಿಯವನ ತಕ್ಕಡಿಯಲ್ಲಿ ತೂಕವುಂಟು, ಓಲೆಗೆ ಅದೂ ಇಲ್ಲ. ಆದ್ದರಿಂದಲೇ ಹಸ್ತಪ್ರತಿಗಳು ಒಲೆಗೋ ಹೊಳೆಗೋ ಸೇರಿದ ಕಥೆಗಳು ನಾಡಿನ ಎಲ್ಲ ಕಡೆ ಕೇಳಿಬರುತ್ತವೆ. ಅಟ್ಟ ಗುಡಿಸದವರಿಂದ ಉಳಿದ ಗ್ರಂಥಗಳ ಲೆಕ್ಕವನ್ನೂ ಸಾಹಿತ್ಯಚರಿತ್ರಕಾರ ಇಡಬೇಕಾಗುತ್ತದೆ. ಅವರ ಸೋಮಾರಿತನಕ್ಕೆ ಕನ್ನಡ ಋಣಿ ಎಂದರೂ ತಪ್ಪಾಗದು.

ಶಿವಮೊಗ್ಗದ ಸಮೀಪದ ಲಕ್ಕಿನಕೊಪ್ಪದಲ್ಲಿ ಎಚ್. ಖಂಡೋಬರಾವ್ ಅವರು ಕಟ್ಟಿದ ‘ಅಮೂಲ್ಯ ಶೋಧ’ ಸಂಗ್ರಹಾಲಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಳೆಯ ನಾಣ್ಯಗಳೊಡನೆ ಮನೆಬಳಕೆಯ ವಸ್ತುಗಳೂ ಅಲ್ಲಿ ನೆಲೆ ಕಂಡಿವೆ. ಮನೆಯಲ್ಲಿ ಅಡಕಲಾಗಿದ್ದುದು ಸಾಲಿನಲ್ಲಿ ನಿಂತೊಡನೆ ಸಾಕ್ಷ್ಯವಾಗುತ್ತದೆ. ಆದರೆ ಯಾವ ಮನೆಯದು, ಯಾರು ಬಳಸಿದರು, ಏನನ್ನು ಅಳೆದರು ಎಂಬ ವಿವರ ವಸ್ತುವಿನೊಡನೆ ತಾನಾಗಿ ಇಳಿದುಬರುವುದಿಲ್ಲ. ಅಟ್ಟದಿಂದ ಕೆಳಗಿಳಿಸುವ ಹೊತ್ತಿಗೆ, ಅದನ್ನು ಬಲ್ಲ ಹಿರಿಯರು ಜಗಲಿಯಲ್ಲಿರುವಾಗಲೇ, ಒಂದು ಚೀಟಿಯಲ್ಲಿ ಬರೆದಿಡಬೇಕಾದ ವಿವರ ಅದು.