ವಿ.ಪಿ.ಪಿ. ಮತ್ತು ಮೌಲ್ಯ ಘೋಷಣೆ

ಸರಕನ್ನು ಮೊದಲು ಕಳಿಸಿ, ಅದು ಗಿರಾಕಿಯ ಕೈ ಸೇರುವಾಗ ಬೆಲೆ ವಸೂಲು ಮಾಡುವ ಅಂಚೆ ಸೇವೆ ಭಾರತದಲ್ಲಿ ಶುರುವಾದದ್ದು 1877ರಲ್ಲಿ. ಇದೇ ವ್ಯಾಲ್ಯೂ ಪೇಯಬಲ್ ಪೋಸ್ಟ್. ಜನರ ಬಾಯಲ್ಲಿ ವಿ.ಪಿ.ಪಿ. ಅಥವಾ ಬರೀ ವಿ.ಪಿ. ಅಮೆರಿಕದ ಅಂಚೆ ಇಂಥ ಸೇವೆ ಆರಂಭಿಸಿದ್ದು 1913ರಲ್ಲಿ, ಬ್ರಿಟನ್ ಒಳನಾಡಿಗೆ ಒದಗಿಸಿದ್ದು 1926ರಲ್ಲಿ. ಊರಲ್ಲಿ ಪುಸ್ತಕದಂಗಡಿಯೇ ಇಲ್ಲದ ಕನ್ನಡ ಓದುಗರಿಗೆ ಇದರಿಂದ ಆದ ಉಪಕಾರ ದೊಡ್ಡದು. ಒಂದು ಕಾರ್ಡು ಗೀಚಿ ಹಾಕಿದರೆ ಪುಸ್ತಕ ಮನೆಬಾಗಿಲಿಗೆ ಬರುತ್ತಿತ್ತು. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿಕೊಂಡ ಮೇಲೆಯೇ ಕಟ್ಟು ಕೊಡುತ್ತಿದ್ದ. ಆ ಹಣ ಮನಿಯಾರ್ಡರ್ ಆಗಿ ಕಳಿಸಿದವರಿಗೆ ತಲುಪುತ್ತಿತ್ತು.

ಹಣ ಕೊಡುವ ಮುನ್ನ ಕಟ್ಟು ಬಿಚ್ಚಿ ನೋಡುವಂತಿರಲಿಲ್ಲ. ಮೋಸಕ್ಕೆ ದಾರಿಯಾಗುತ್ತಿದ್ದುದು ಇದೇ: ಯಾರೂ ಕೇಳದ ವಸ್ತುವನ್ನು, ಕೆಲವೊಮ್ಮೆ ರದ್ದಿಯನ್ನೇ, ಮನಸ್ಸಿಗೆ ಬಂದ ಬೆಲೆ ಬರೆದು ಕಳಿಸಬಹುದಿತ್ತು. ಅದಕ್ಕಾಗಿ 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆ, ನಿಜವಾದ ಆರ್ಡರಿನ ಮೇಲೆಯೇ ಕಳಿಸುತ್ತಿದ್ದೇನೆ ಎಂದು ಕಳಿಸುವವರಿಂದ ಬರೆಸಿಕೊಳ್ಳುವ ನಿಯಮಕ್ಕೆ ಅವಕಾಶ ಕೊಟ್ಟಿತು. ವಸೂಲಿ ಮೊತ್ತಕ್ಕೆ ಮಿತಿ ಹಾಕುವ, ವಂಚನೆಯಾದಾಗ ವಸೂಲಾದ ಹಣವನ್ನು ತಡೆಹಿಡಿದು ಕೊಟ್ಟವರಿಗೆ ಹಿಂದಿರುಗಿಸುವ ನಿಯಮಗಳಿಗೂ ಅದರಲ್ಲಿ ಎಡೆಯಿತ್ತು.

ವಿ.ಪಿ. ಮೊತ್ತ ಬರೆದರೆ ಸರಕಿಗೆ ರಕ್ಷಣೆ ಸಿಕ್ಕಿತೆಂದು ಎಷ್ಟೋ ಜನ ತಿಳಿದಿದ್ದರು. ಅದು ತಪ್ಪು. ಗಿರಾಕಿಯಿಂದ ಹಣ ಕೈಗೆ ಬರುವ ತನಕ ಆ ಮೊತ್ತಕ್ಕೆ ಸರ್ಕಾರ ಹೊಣೆಯಲ್ಲ ಎಂದು ಕಾಯ್ದೆಯ 34ನೇ ಕಲಮು ಸ್ಪಷ್ಟವಾಗಿ ಹೇಳಿತ್ತು. ದಾರಿಯಲ್ಲಿ ಕಳೆದುಹೋದರೆ ಎಂಬ ಭಯವಿದ್ದವರು ವಿಮೆಯನ್ನು ಬೇರೆಯಾಗಿಯೇ ಮಾಡಿಸಬೇಕಿತ್ತು. ಇಳಕಲ್ಲಿನ ನೇಕಾರರೊಬ್ಬರು 1,000 ರೂಪಾಯಿಯ ಸೀರೆಗೆ 200 ಮುಂಗಡ ಪಡೆದು ಕಳಿಸುತ್ತಾರೆ ಎನ್ನಿ. ವಿ.ಪಿ. ಮೊತ್ತ 800, ವಿಮೆಗೆ ಹೇಳಬೇಕಾದ ಮೌಲ್ಯ ಪೂರ್ತಿ 1,000. ವಿಮೆಗೆ 2,000 ಎಂದು ಬರೆಸಿದರೂ ಲಾಭವಿರಲಿಲ್ಲ. ಪರಿಹಾರ ವಸ್ತುವಿನ ನಿಜಬೆಲೆಯನ್ನು ಮೀರಕೂಡದೆಂದು ಕಾಯ್ದೆಯೇ ಕಟ್ಟುಮಾಡಿತ್ತು. ಕಳಿಸುವವರಿಗೂ ತರಿಸುವವರಿಗೂ ನ್ಯಾಯ ಸಲ್ಲಿಸಿದ ಕಟ್ಟುಪಾಡು ಇದು.

ಬೆಂಗಳೂರಿನ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಾಗ ಹಳೆಯ ವಿ.ಪಿ.ಯ ತತ್ವ ಆನ್‌ಲೈನ್ ವ್ಯಾಪಾರಕ್ಕೂ ಬಂತು. ಕಾರ್ಡಿನಲ್ಲಿ ಹಣ ಕಟ್ಟಲು ಹಿಂಜರಿಯುತ್ತಿದ್ದವರೂ ಧೈರ್ಯವಾಗಿ ಆರ್ಡರ್ ಮಾಡತೊಡಗಿದರು. ವಸೂಲಿ ಮೊತ್ತ ಮತ್ತು ಸರಕಿನ ಮೌಲ್ಯ ಎಂಬ ಎರಡು ಅಂಕಿಗಳ ವ್ಯತ್ಯಾಸ ಮಾತ್ರ ಹಾಗೇ ಉಳಿದಿದೆ. ಸರಕು ಸಾಗಣೆಗೆಂದು 2018ರಲ್ಲಿ ಜಾರಿಗೆ ಬಂದ ಇ-ವೇ ಬಿಲ್ಲು ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕಿಗೆ ಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ತೆರಿಗೆ ಸೇರಿದ ಇನ್‌ವಾಯ್ಸ್ ಮೌಲ್ಯ. ಡೆಲಿವರಿ ಹುಡುಗ ಬಾಗಿಲಲ್ಲಿ ಪಡೆಯುವ ಬಾಕಿ ಹಣವಲ್ಲ.